ವಿದೇಶದ ಸೆಮಿಸ್ಟರ್‌ನಲ್ಲಿ ಒಂದು ಪೇಪರನ್ನಾದರೂ ಆ ಭಾಷೆಯಲ್ಲೇ ಓದಿ

ಅಂತರರಾಷ್ಟ್ರೀಯ ಬಿಸಿನೆಸ್ ಜೊತೆಗೆ ಒಂದು ವಿದೇಶಿ ಭಾಷೆ ಕಲಿಸುವ ಡಿಗ್ರಿಯ ಕೊನೆಯ ವರ್ಷದಲ್ಲಿದ್ದೇನೆ. ನಾನು ಆರಿಸಿಕೊಂಡ ಭಾಷೆ ಜರ್ಮನ್. ಜೂನಿಯರ್‌ಗಳು ಈ ವಾರ ವಿದೇಶದ ಸೆಮಿಸ್ಟರ್‌ಗೆ ಪೇಪರ್ ಆರಿಸಿಕೊಳ್ಳಬೇಕು. ನಾಲ್ಕೈದು ಜನ ಮೆಸೇಜ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಅಕ್ಕಾ, ಎಲ್ಲಾ ಪೇಪರೂ ಇಂಗ್ಲಿಷಲ್ಲೇ ತಗೊಂಡ್ರೆ ಸೇಫ್ ಅಲ್ವಾ?" ಉತ್ತರ ಉದ್ದವಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಈ ಕೋರ್ಸಿಗೆ ಸೀಟು ಸಿಗುವುದೇ ಕಷ್ಟ. ಅಂಕ, ಪ್ರವೇಶ ಪರೀಕ್ಷೆ, ಸಂದರ್ಶನ ಎಲ್ಲ ದಾಟಿ ಬಂದವರು ನಾವು. ಶಾಲೆಯಲ್ಲಿ ಕೈ ಎತ್ತಿದರೆ ಉತ್ತರ ಸರಿಯೇ ಇರುತ್ತದೆ ಎಂದು ಮೇಷ್ಟ್ರಿಗೂ ಗೊತ್ತಿದ್ದ ಮಕ್ಕಳು. ಅಂಥವರನ್ನೇ ಹೆಕ್ಕಿ ತಂದು ಮೊದಲ ವಾರ "ನನಗೆ ಒಬ್ಬ ತಮ್ಮ ಇದ್ದಾನೆ" ಎಂದು ಹೇಳಿಸುತ್ತಾರೆ. ಬೆಳಿಗ್ಗೆ ವಿನಿಮಯ ದರ ಏರಿಳಿದರೆ ರಫ್ತುದಾರ ಏನು ಮಾಡಬೇಕು ಎಂದು ಜೋರಾಗಿ ವಾದ ಮಾಡಿದ ಹುಡುಗ, ಎರಡು ಗಂಟೆ ಕಳೆದ ಮೇಲೆ ಮೇಜು ಪುಲ್ಲಿಂಗವೋ ಸ್ತ್ರೀಲಿಂಗವೋ ತಿಳಿಯದೆ ತಲೆ ತಗ್ಗಿಸುತ್ತಾನೆ. (ಜರ್ಮನ್‌ನಲ್ಲಿ ಮೇಜು ಪುಲ್ಲಿಂಗ. ಹುಡುಗಿ ಎನ್ನುವ ಪದ ನಪುಂಸಕ ಲಿಂಗ. ಕಾರಣ ಕೇಳುತ್ತ ಕೂತರೆ ಮುಂದಕ್ಕೆ ಹೋಗಲು ಆಗುವುದಿಲ್ಲ.) ಪಕ್ಕದಲ್ಲಿ ಕೂತವಳು ಹೈಸ್ಕೂಲಿನಲ್ಲೇ ಆ ಭಾಷೆ ಓದಿರುತ್ತಾಳೆ. ಅವಳಿಗೂ ನಮಗೂ ಒಂದೇ ಪ್ರಶ್ನೆಪತ್ರಿಕೆ.

ಮೊದಲ ಎರಡು ಸೆಮಿಸ್ಟರ್ ನಾನು ಇಡೀ ವಾಕ್ಯವನ್ನು ಮನಸ್ಸಿನಲ್ಲೇ ಕಟ್ಟಿ, ಎರಡು ಸಲ ತಿದ್ದಿ, ಆಮೇಲೆ ಬಾಯಿ ತೆರೆಯುತ್ತಿದ್ದೆ. ಅಷ್ಟರಲ್ಲಿ ಮಾತು ಬೇರೆಲ್ಲೋ ಹೋಗಿರುತ್ತಿತ್ತು. ಬರೆಯುವ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದವು. ಮಾತು ಮಾತ್ರ ಬರಲಿಲ್ಲ. ಬ್ಯಾಚಿನ ಅರ್ಧ ಜನರ ಕಥೆ ಇದೇ ಎಂದು ಗೊತ್ತಾಗಿದ್ದು ಮೂರನೇ ವರ್ಷದಲ್ಲಿ. ಅಲ್ಲಿಯವರೆಗೆ ಯಾರೂ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆಯೊಂದು ತನ್ನ ಅನುಭವದಿಂದ ಒಂದು ಅಂದಾಜು ಕೊಟ್ಟಿದೆ. ಇಂಗ್ಲಿಷ್ ಮಾತೃಭಾಷೆಯವರಿಗೆ ಸ್ಪ್ಯಾನಿಷ್‌ನಲ್ಲಿ ಕೆಲಸ ಮಾಡುವಷ್ಟು ಹಿಡಿತ ಬರಲು ಸುಮಾರು 600ರಿಂದ 750 ತರಗತಿ ಗಂಟೆ ಬೇಕು. ಜಪಾನಿ, ಚೀನಿ, ಕೊರಿಯನ್, ಅರೇಬಿಕ್‌ಗೆ ಸುಮಾರು 2200 ಗಂಟೆ. ನಮಗೆ ವಾರಕ್ಕೆ 6 ಗಂಟೆ, ಸೆಮಿಸ್ಟರ್‌ಗೆ 15 ವಾರ. ಎರಡು ವರ್ಷಕ್ಕೆ 360 ಗಂಟೆಯಾಯಿತು. ಜಪಾನಿ ತೆಗೆದುಕೊಂಡ ನನ್ನ ಗೆಳತಿ ಇಷ್ಟೇ ಗಂಟೆಗಳಲ್ಲಿ ವ್ಯವಹಾರದ ಪತ್ರ ಬರೆಯಬೇಕಿತ್ತು. ಆಗದಿದ್ದಾಗ ತನ್ನನ್ನೇ ದಡ್ಡಿ ಎಂದುಕೊಂಡಳು. ಅವಳು ದಡ್ಡಿಯಲ್ಲ ಎಂದು ಈ ಲೆಕ್ಕವೇ ಹೇಳುತ್ತದೆ. ಉಳಿದ ಗಂಟೆಗಳು ತರಗತಿಯ ಹೊರಗೆ, ಬಾಯಿಬಿಟ್ಟು ಆಡಿದ ತಪ್ಪು ಮಾತುಗಳಿಂದಲೇ ತುಂಬಬೇಕು. ತಪ್ಪಿಗೆ ಹೆದರುವವರಿಗೆ ಆ ಗಂಟೆಗಳು ಸಿಗುವುದೇ ಇಲ್ಲ.

ಎರಡನೇ ವರ್ಷ ಒಂದು ಕಂಪನಿಯ ವಾರ್ಷಿಕ ವರದಿಯನ್ನು ಜರ್ಮನ್‌ನಲ್ಲಿ ವಿವರಿಸಬೇಕಿತ್ತು. ಮುಂದೆ ಬರಬಹುದಾದ ಹೊಣೆಗೆ ಲೆಕ್ಕಪತ್ರದಲ್ಲಿ ತೆಗೆದಿಡುವ ಮೊತ್ತಕ್ಕೆ ಇಂಗ್ಲಿಷ್‌ನಲ್ಲಿ 'ಪ್ರಾವಿಷನ್' ಎನ್ನುತ್ತೇವಲ್ಲ, ಅದೇ ಪದವನ್ನು ಜರ್ಮನ್ ಉಚ್ಚಾರದಲ್ಲಿ 'ಪ್ರೊವಿಜಿಯೋನ್' ಎಂದುಬಿಟ್ಟೆ. ಜರ್ಮನ್‌ನಲ್ಲಿ ಅದು ಏಜೆಂಟನಿಗೆ ಕೊಡುವ ಕಮಿಷನ್! ನಾನು ಹೇಳಬೇಕಿದ್ದ ಪದ 'ರ‍್ಯುಕ್‌ಷ್ಟೆಲುಂಗ್'. ಹೊಣೆ ತೀರಿಸಲು ಇಟ್ಟ ಹಣವನ್ನು ನಾನು ದಲ್ಲಾಳಿಗೆ ಹಂಚಿದಂತಾಯಿತು. ಅಂಕ ಹೋಯಿತು, ಕಣ್ಣಲ್ಲಿ ನೀರೂ ಬಂತು. ಆದರೆ ಆ ವರ್ಷ ಬಾಯಿಪಾಠ ಮಾಡಿದ ನೂರಾರು ಪದಗಳಲ್ಲಿ ಇವತ್ತಿಗೂ ಅಲುಗಾಡದೆ ನಿಂತಿರುವುದು ಆ ಒಂದು ಪದ.

ಭಾಷೆ ಬಿಸಿನೆಸ್ ಡಿಗ್ರಿಗೆ ಸುಮ್ಮನೆ ಒಂದು ಅಲಂಕಾರ ಎನ್ನುವವರು ಇದನ್ನು ಗಮನಿಸಬೇಕು. ಇಂಗ್ಲಿಷ್‌ನ ಬಿಲಿಯನ್ ಎಂದರೆ ನೂರು ಕೋಟಿ. ಜರ್ಮನ್‌ನಲ್ಲಿ ಅದಕ್ಕೆ 'ಮಿಲಿಯಾರ್ಡೆ' ಎನ್ನುತ್ತಾರೆ, ಅವರ 'ಬಿಲಿಯೋನ್' ಲಕ್ಷ ಕೋಟಿ. ಜರ್ಮನ್ ಇನ್‌ವಾಯ್ಸ್‌ನಲ್ಲಿ 1.500 ಎಂದಿದ್ದರೆ ಅದು ಸಾವಿರದ ಐನೂರು. ದಶಮಾಂಶಕ್ಕೆ ಅಲ್ಲಿ ಬಳಸುವುದು ಅಲ್ಪವಿರಾಮ. ಇವನ್ನು ವ್ಯಾಕರಣದ ತಪ್ಪು ಎಂದು ಬದಿಗೆ ತಳ್ಳಲಾಗುವುದಿಲ್ಲ, ಇಲ್ಲಿ ಎಡವಿದರೆ ವ್ಯವಹಾರವೇ ಮುರಿಯುತ್ತದೆ.

ಈಗ ಜೂನಿಯರ್‌ಗಳ ಪ್ರಶ್ನೆಗೆ ಬರುತ್ತೇನೆ. ಇಂಗ್ಲಿಷ್ ಪೇಪರ್‌ಗಳು ಸೇಫ್, ನಿಜ. ಆ ತರಗತಿಗಳಲ್ಲಿ ಬಹುಪಾಲು ನಮ್ಮಂತೆ ವಿನಿಮಯಕ್ಕೆ ಬಂದವರೇ ಇರುತ್ತಾರೆ. ಹಾಸ್ಟೆಲ್‌ನಲ್ಲೂ ಅದೇ ಗುಂಪು, ಅದೇ ಇಂಗ್ಲಿಷ್. ಹೋದಾಗ ಎಷ್ಟು ಜರ್ಮನ್ ಇತ್ತೋ ಅಷ್ಟನ್ನೇ ತಿರುಗಿ ತಂದ ಗೆಳೆಯರನ್ನು ನೋಡಿದ್ದೇನೆ. ಅವರಲ್ಲಿ ಸೋಮಾರಿಗಳು ಒಬ್ಬರೂ ಇರಲಿಲ್ಲ. ಎಲ್ಲರಿಗೂ ಸರಾಸರಿ ಅಂಕದ್ದೇ ಚಿಂತೆ.

ನಾನು ಒಂದು ಪೇಪರನ್ನು, ಕಾಸ್ಟ್ ಅಕೌಂಟಿಂಗ್ (ಉತ್ಪಾದನೆಯ ವೆಚ್ಚದ ಲೆಕ್ಕ), ಜರ್ಮನ್‌ನಲ್ಲಿ ತೆಗೆದುಕೊಂಡೆ. ಮೊದಲ ವಾರ ಅರ್ಥವಾಗಿದ್ದು ಬೋರ್ಡಿನ ಮೇಲಿನ ಅಂಕಿಗಳು ಮಾತ್ರ. ಆರನೇ ವಾರದ ಹೊತ್ತಿಗೆ ಪ್ರೊಫೆಸರ್ ಮುಂದೆ ಏನು ಹೇಳುತ್ತಾರೆ ಎಂದು ಊಹಿಸುವಷ್ಟಾಗಿದ್ದೆ. ಕೊನೆಗೆ ನನ್ನ ಅಂಕಪಟ್ಟಿಯಲ್ಲಿ ಅತಿ ಕಡಿಮೆ ಗ್ರೇಡ್ ಬಂದಿದ್ದು ಅದೇ ಪೇಪರಿಗೆ. ನನ್ನ ಜರ್ಮನ್ ಬೆಳೆದಿದ್ದೂ ಅಲ್ಲೇ.

ಇಂಥ ಕೋರ್ಸ್ ನಡೆಸುವವರಲ್ಲಿ ನನ್ನದೊಂದು ಬೇಡಿಕೆ. ವಿದೇಶದಲ್ಲಿ ಆ ಭಾಷೆಯಲ್ಲೇ ಓದಿದ ಪೇಪರ್‌ಗೆ ಪಾಸ್ ಅಥವಾ ಫೇಲ್ ಅಷ್ಟೇ ಇರಲಿ, ಗ್ರೇಡ್ ಬೇಡ. ಮೊದಲ ವರ್ಷದ ಮಾತಿಗೂ ಅಂಕ ಬೇಡ. ಅಂಕ ಇಲ್ಲದಿದ್ದರೆ ಯಾರೂ ಓದುವುದಿಲ್ಲ ಎನ್ನುತ್ತೀರಿ. ಅಷ್ಟೆಲ್ಲ ಜರಡಿ ಹಿಡಿದು ಆರಿಸಿದ ಮಕ್ಕಳ ಮೇಲೆ ಅಷ್ಟಾದರೂ ನಂಬಿಕೆ ಇಡಿ. ಅಳೆಯಲೇಬೇಕಿದ್ದರೆ ಕೊನೆಯಲ್ಲಿ ಹೊರಗಿನವರು ನಡೆಸುವ ಬಿ2 ಪರೀಕ್ಷೆ (ಯುರೋಪಿನ ಭಾಷಾ ಮಟ್ಟಗಳಲ್ಲಿ ಎ1ರಿಂದ ಎಣಿಸಿದರೆ ನಾಲ್ಕನೆಯದು) ಬರೆಸಿ.

ನಿಯಮ ಬದಲಾಗುವವರೆಗೆ ಜೂನಿಯರ್‌ಗಳು ಒಂದು ಕೆಲಸ ಮಾಡಿ. ಈಗಾಗಲೇ ಚೆನ್ನಾಗಿ ಗೊತ್ತಿರುವ ವಿಷಯವನ್ನೇ ಆ ಭಾಷೆಯಲ್ಲಿ ತೆಗೆದುಕೊಳ್ಳಿ, ಆಗ ಹೊಸದಾಗಿ ಹೊರಬೇಕಾದ್ದು ಭಾಷೆಯೊಂದೇ. ಕಾಸ್ಟ್ ಅಕೌಂಟಿಂಗ್‌ನ ನನ್ನ ಜರ್ಮನ್ ನೋಟ್ಸ್ ಪೂರ್ತಿ ಇವೆ, ಅಂಚಿನಲ್ಲಿ ಪದಗಳ ಅರ್ಥ ಬರೆದಿದ್ದೇನೆ. ಬೇಕಾದವರು ಮೆಸೇಜ್ ಮಾಡಿ, ಸ್ಕ್ಯಾನ್ ಮಾಡಿ ಕಳಿಸುತ್ತೇನೆ.