ಜಿನ್‌ಫ್ಯಾಂಡೆಲ್ ವೈನಿನ ಹಣ್ಣಿನ ಸ್ವಾದ: ಒಂದು ಸ್ಪಷ್ಟನೆ

ಜಿನ್‌ಫ್ಯಾಂಡೆಲ್ ಕೆಂಪು ವೈನಿನ ಬ್ಲ್ಯಾಕ್‌ಬೆರಿ, ಜಾಮ್, ಕಾಳುಮೆಣಸಿನ ಸ್ವಾದಗಳೆಲ್ಲ ಎಸೆನ್ಸ್ ಮತ್ತು ಸಕ್ಕರೆ ಬೆರೆಸಿದ್ದರಿಂದ ಬರುತ್ತವೆ, ಅದನ್ನು ತಯಾರಿಸುವ ಅದೇ ಹೆಸರಿನ ದ್ರಾಕ್ಷಿ ಅಮೆರಿಕದ ಮೂಲ ತಳಿ ಎಂಬ ಸಂದೇಶವೊಂದು ವಿಜಯಪುರ ಭಾಗದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡೂ ಮಾತು ಸರಿಯಲ್ಲ.

ಈ ತಳಿಯ ಗೊಂಚಲು ಒಂದೇ ಸಮನೆ ಮಾಗುವುದಿಲ್ಲ. ಹಸಿರು ಕಾಯಿ, ಕಪ್ಪಗೆ ಮಾಗಿದ ಹಣ್ಣು, ಬಳ್ಳಿಯಲ್ಲೇ ಸುಕ್ಕುಗಟ್ಟಿದ ಒಣದ್ರಾಕ್ಷಿ ಮೂರೂ ಒಂದೇ ಗೊಂಚಲಿನಲ್ಲಿರುತ್ತವೆ. ತಿಕೋಟಾ ಭಾಗದ ಶೆಡ್‌ಗಳಲ್ಲಿ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿ ಒಣಗಿ ಸಿಹಿ ಗಟ್ಟಿಯಾಗುವಂತೆಯೇ, ಸುಕ್ಕುಗಟ್ಟಿದ ಈ ಹಣ್ಣುಗಳಲ್ಲೂ ಸಕ್ಕರೆ ಗಟ್ಟಿಯಾಗುತ್ತದೆ. ಆ ಸಕ್ಕರೆಯ ಬಹುಪಾಲನ್ನು ಯೀಸ್ಟ್ ಆಲ್ಕೋಹಾಲ್ ಆಗಿ ಮಾರ್ಪಡಿಸುವುದರಿಂದ ಆಲ್ಕೋಹಾಲ್ ಪ್ರಮಾಣ ಹಲವು ಬಾಟಲಿಗಳಲ್ಲಿ ಶೇ 14ರಿಂದ 16ರಷ್ಟಿರುತ್ತದೆ. ಈ ಆಲ್ಕೋಹಾಲ್ ಮತ್ತು ಹಣ್ಣಿನ ಪರಿಮಳ ಸೇರಿ, ಸಕ್ಕರೆ ಹೆಚ್ಚೇನೂ ಉಳಿಯದಿದ್ದರೂ ನಾಲಿಗೆಗೆ ಸಿಹಿ ಎನಿಸುವಂತೆ ಮಾಡುತ್ತವೆ. ಕೆಲವು ತಯಾರಕರು ತುಸು ಸಕ್ಕರೆ ಉಳಿಸಿಕೊಳ್ಳುತ್ತಾರೆ ಎಂಬುದೂ ನಿಜವೇ.

ಸಂದೇಶದ ಜೊತೆಗಿರುವ ಚಿತ್ರ ಮಾತ್ರ ಗುಲಾಬಿ ಬಣ್ಣದ ‘ವೈಟ್ ಜಿನ್‌ಫ್ಯಾಂಡೆಲ್’ನದು. ರಸವನ್ನು ಸಿಪ್ಪೆಯಿಂದ ಬೇಗನೆ ಬೇರ್ಪಡಿಸಿ, ಸಿಹಿ ಉಳಿಯುವಂತೆ ತಯಾರಿಸುವ ಆ ಬಗೆಯೇ ಬೇರೆ. ಇನ್ನು ಮೂಲದ ಪ್ರಶ್ನೆಗೆ ಬಂದರೆ, ಇದು ಕ್ರೊಯೇಷಿಯಾದ ಹಳೆಯ ತಳಿಯೊಂದೇ ಎಂದು 2001ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಖಚಿತವಾಗಿದೆ; ಇಟಲಿಯ ಪ್ರಿಮಿಟಿವೊ ಎಂಬ ದ್ರಾಕ್ಷಿ ಕೂಡ ಇದೇ ತಳಿ.

ಸ್ವಾದವನ್ನು ತಾವೇ ಪರೀಕ್ಷಿಸಲು ಬಯಸುವ ವಯಸ್ಕರು ವೈನನ್ನು 16ರಿಂದ 18 ಡಿಗ್ರಿಗೆ ತಂಪಾಗಿಸಿಕೊಳ್ಳಬೇಕು. ನಮ್ಮ ಬೇಸಿಗೆಯ ಕೋಣೆಯ ಬಿಸಿಯಲ್ಲೇ ಸುರಿದರೆ ಆಲ್ಕೋಹಾಲಿನ ಘಾಟು ಮುಂದಾಗಿ ಹಣ್ಣಿನ ಪರಿಮಳ ಮರೆಯಾಗುತ್ತದೆ.