ಲೀಟರಿಗೆ ನೂರು ಮೀಟರ್

ಗಂಗಾವತಿ ತಾಲೂಕಿನಿಂದ ದೂರದ ರೂಟಿಗೆ ಹಾರಿದ ಮೊದಲಿಗ ನಾನಲ್ಲ. ಆ ಜಾಗ ಅಂಜನಾದ್ರಿ ಹನುಮಪ್ಪನದು. 575 ಮೆಟ್ಟಿಲು ಹತ್ತಿ ಕೈ ಮುಗಿದು ಬರುವ ನಮ್ಮ ಜನಕ್ಕೆ ಹಾರಾಟದ ಅಳತೆ ಅಂದರೆ ಅವನೇ. ಲಂಕೆಯಿಂದ ರಾತ್ರೋರಾತ್ರಿ ಹಿಮಾಲಯಕ್ಕೆ ಹೋಗಿ, ಯಾವ ಗಿಡ ಅಂತ ಗೊತ್ತಾಗದೆ ಇಡೀ ಗುಡ್ಡವನ್ನೇ ಎತ್ತಿಕೊಂಡು, ಬೆಳಗಾಗುವುದರೊಳಗೆ ವಾಪಸ್. ಲೋಡ್ ಶೀಟ್ ಇಲ್ಲ, ಡ್ಯೂಟಿಗೆ ಇಷ್ಟೇ ಗಂಟೆ ಅನ್ನೋ ನಿಯಮ ಇಲ್ಲ, ಪಕ್ಕದಲ್ಲಿ ಕೋ-ಪೈಲಟ್ ಕೂಡ ಇಲ್ಲ. ಇಂಥವನ ಊರಿನಲ್ಲಿ ಹುಟ್ಟಿ, ಗಲ್ಫಿನ ಕಂಪನಿಯೊಂದರಲ್ಲಿ ವಿಮಾನ ಓಡಿಸುವ ನಾನು "ಹದಿನಾಲ್ಕು ತಾಸು ಹಾರಿದ್ರೆ ಸುಸ್ತಾಗುತ್ತೆ" ಅಂದರೆ ಯಾರಾದರೂ ಕೇಳ್ತಾರಾ?

"ಅಂವಾ ಗುಡ್ಡ ಹೊತ್ತಿದ್ನಪಾ. ನೀ ಕುಂತಿರ್ತಿ" ಅಂತಾಳೆ ನಮ್ಮ ಅಜ್ಜಿ. ಅಲ್ಲಿಗೆ ಮಾತು ಮುಗಿಯಿತು.

ಹಿಂದೆ ಹೇಗೋ ನಡೆದುಹೋಗುತ್ತಿತ್ತು. ನಾನು ಯಾವ ದೇಶದಲ್ಲಿದ್ದೇನೆ ಅಂತ ಮನೆಯವರಿಗೆ ಗೊತ್ತಾಗುತ್ತಿದ್ದದ್ದು ನಾನು ಫೋನ್ ಮಾಡಿದಾಗ ಮಾತ್ರ. ಈಗ ಅಕ್ಕನ ಮಗ ಎಲ್ಲರ ಮೊಬೈಲಿಗೂ ವಿಮಾನ ತೋರಿಸುವ ಆಪ್ ಹಾಕಿಕೊಟ್ಟಿದ್ದಾನೆ. ನಕಾಶೆಯ ಮೇಲೆ ಹಳದಿ ಬಣ್ಣದ ಸಣ್ಣ ವಿಮಾನ ಇರುವೆಯ ಹಾಗೆ ಹರಿದಾಡುತ್ತದೆ. ಎತ್ತರ ಎಷ್ಟು, ವೇಗ ಎಷ್ಟು, ಎಲ್ಲಾ ಕಾಣುತ್ತದೆ. ನನ್ನ ಅಪ್ಪ ಬೆಳಗಿನ ಚಹಾ ಜೊತೆ ಮೊದಲು ಪೇಪರ್ ಓದುತ್ತಿದ್ದರು. ಈಗ ನನ್ನನ್ನು ಓದುತ್ತಾರೆ.

ಒಂದು ಸಲ ಇಳಿಯುವ ಊರಲ್ಲಿ ಗುಡುಗು ಮಳೆ. ನಮ್ಮಂಥ ಹತ್ತಾರು ವಿಮಾನಗಳನ್ನು ಆಕಾಶದಲ್ಲೇ ಸಾಲಾಗಿ ನಿಲ್ಲಿಸಿದ್ದರು. ನಿಲ್ಲಿಸಿದರು ಅಂದರೆ ಸುತ್ತು ಹೊಡೆಸಿದರು. ಒಂದೊಂದಕ್ಕೂ ಒಂದೊಂದು ಎತ್ತರ, ಒಂದರ ಮೇಲೆ ಒಂದು. ಕೆಳಗಿನದು ಇಳಿದ ಮೇಲೆ ಮೇಲಿನದು ಒಂದು ಮೆಟ್ಟಿಲು ಇಳಿಯಬೇಕು. ಇದು ದಿನಾ ನಡೆಯುವ ಕೆಲಸ, ಇದಕ್ಕೆ ಬೇಕಾಗುವ ಇಂಧನ ಮೊದಲೇ ತುಂಬಿಸಿಕೊಂಡಿರುತ್ತೇವೆ. ಆದರೆ ಗಂಗಾವತಿಯಲ್ಲಿ ಆ ಸುತ್ತು ನೋಡಿ ಓಣಿಯೇ ನಮ್ಮ ಮನೆ ಕಟ್ಟೆ ಮೇಲೆ ಸೇರಿತ್ತಂತೆ. ಇಳಿದು ಫೋನ್ ಆನ್ ಮಾಡಿದರೆ ಮಿಸ್ಡ್ ಕಾಲುಗಳ ಮೆರವಣಿಗೆ. ಅಪ್ಪ ಎತ್ತಿದ ಕೂಡಲೇ ಕೇಳಿದ್ದು ಒಂದೇ ಮಾತು: "ಪಾರ್ಕಿಂಗ್ ಸಿಗಲಿಲ್ಲೇನು?"

ಯೋಚಿಸಿ ನೋಡಿದರೆ ಇದಕ್ಕಿಂತ ಸರಿಯಾದ ವಿವರಣೆಯನ್ನು ನಮ್ಮ ಟ್ರೇನಿಂಗ್ ಪುಸ್ತಕದಲ್ಲೂ ನಾನು ನೋಡಿಲ್ಲ.

ಅಮ್ಮನದು ಇನ್ನೊಂದು ಕಥೆ. ಗಲ್ಫಿನಿಂದ ಆಸ್ಟ್ರೇಲಿಯಾ ಕಡೆ ಹೋಗುವಾಗ ಮೊದಲು ಮುಂಬೈ ಕಂಟ್ರೋಲ್, ಆಮೇಲೆ ಚೆನ್ನೈ ಕಂಟ್ರೋಲ್ ಜೊತೆ ಮಾತಾಡುತ್ತಾ ದಕ್ಷಿಣ ಭಾರತ ದಾಟುತ್ತೇವೆ. ಗಾಳಿ ನೋಡಿಕೊಂಡು ದಾರಿ ಬದಲಾಗುತ್ತದೆ. ಕೆಲವು ರಾತ್ರಿ ಅದು ನಮ್ಮ ಜಿಲ್ಲೆಯ ಹತ್ತಿರವೇ ಹಾದುಹೋಗುತ್ತದೆ. ಮೋಡ ಇಲ್ಲದಿದ್ದರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬೆಳಕು ದೂರದಿಂದಲೇ ಗೊತ್ತಾಗುತ್ತದೆ. ಅದರ ಪಶ್ಚಿಮಕ್ಕೆ ದೊಡ್ಡದೊಂದು ಕಪ್ಪು ತೇಪೆ ಕಂಡರೆ ಅದು ತುಂಗಭದ್ರಾ ಡ್ಯಾಮಿನ ನೀರು. ಇದನ್ನೆಲ್ಲ ಅಮ್ಮನಿಗೆ ಹೇಳಿದ್ದೇ ತಡ, ಮುಂದಿನ ಸಲ ಆಪ್ ನೋಡಿಕೊಂಡು ಬೆಳಗಿನ ಜಾವ ಮಾಳಿಗೆ ಹತ್ತಿ, ಗದ್ದೆಗೆ ನೀರು ಬಿಡಲು ಹೋಗುವಾಗ ಹಿಡಿಯುವ ಉದ್ದನೆ ಟಾರ್ಚನ್ನು ಆಕಾಶಕ್ಕೆ ಹಿಡಿದು ಅಲ್ಲಾಡಿಸಿದ್ದಾಳೆ.

"ಕಂಡ್ತೇನು?"

ಹನ್ನೊಂದು ಕಿಲೋಮೀಟರ್ ಮೇಲೆ, ಗಂಟೆಗೆ ಒಂಬೈನೂರು ಕಿಲೋಮೀಟರ್ ವೇಗದಲ್ಲಿ ಇರುವವನಿಗೆ ಏನು ಕಾಣುತ್ತದೆ? "ಕಂಡ್ತು" ಅಂದೆ. ಅಮ್ಮನಿಗೆ ಸಿಟ್ಟು ಬಂತು. "ಮತ್ತ ನೀ ಯಾಕ ಲೈಟ್ ಆರಿಸಿ ಹಚ್ಚಲಿಲ್ಲ?"

ಇವರೆಲ್ಲರ ನಡುವೆ ನನ್ನ ಕೆಲಸ ನಿಜವಾಗಿ ಅರ್ಥವಾಗುವುದು ಒಬ್ಬರಿಗೆ. ನಮ್ಮ ಸೋದರಮಾವ. ಗಂಗಾವತಿಯ ಅಕ್ಕಿಯನ್ನು ಲಾರಿಯಲ್ಲಿ ಊರೂರಿಗೆ ಸಾಗಿಸಿ ಕೂದಲು ಹಣ್ಣು ಮಾಡಿಕೊಂಡವರು. ವಿಮಾನ ಹೇಗೆ ಹಾರುತ್ತೆ ಅಂತ ಅವರು ಒಂದು ದಿನವೂ ಕೇಳಿಲ್ಲ. ಅವರು ಕೇಳುವುದು ಲಾರಿ ಮಂದಿ ಕೇಳುವುದನ್ನೇ.

"ಎಷ್ಟು ಚಕ್ರ?"

ನಾನು ಓಡಿಸುವುದು ಬೋಯಿಂಗ್ 777. ಒಂದೊಂದು ಬದಿಗೆ ಆರು, ಮೂತಿಗೆ ಎರಡು. ಒಟ್ಟು 14.

ಮಾವನ ಮುಖ ಅರಳಿತು. "ನಂದೂ ಹದಿನಾಲ್ಕೇ!" ಅಲ್ಲಿಂದ ನಾವಿಬ್ಬರೂ ಒಂದೇ ಯೂನಿಯನ್ನಿನವರು. ಟೈರಿಗೆ ಬರೀ ಗಾಳಿ ಹಾಕಲ್ಲ, ನೈಟ್ರೋಜನ್ ಹಾಕ್ತಾರೆ, ಪ್ರೆಶರ್ 200 ಪಿಎಸ್‌ಐಗೂ ಜಾಸ್ತಿ ಅಂದೆ. ಲಾರಿಯ ಹತ್ತಿರಹತ್ತಿರ ಎರಡು ಪಟ್ಟು. ತಲೆದೂಗಿದರು.

"ಸ್ಟೆಪ್ನಿ ಎಲ್ಲಿ ಇಡ್ತೀರಿ?"

"ಇಡಲ್ಲ ಮಾವ. ಪಂಕ್ಚರ್ ಆದ್ರೆ ಇಳಿದ ಊರಲ್ಲೇ ಹಾಕ್ತಾರೆ."

ಮಾವ ಚಹಾ ಕಪ್ಪನ್ನು ಕೆಳಗಿಟ್ಟರು. "ಸ್ಟೆಪ್ನಿ ಇಲ್ಲದ ಆಸ್ಟ್ರೇಲಿಯಾಕ್ಕ ಹೋಗ್ತಿಯೇನಲೇ?" ಅಂತ ಅಪ್ಪನ ಕಡೆ ತಿರುಗಿ, ಇಷ್ಟು ದಿನ ಮಗನನ್ನು ಎಂಥಾ ಕೆಲಸಕ್ಕೆ ಕಳಿಸಿದ್ದೀಯ ಅನ್ನುವ ಹಾಗೆ ನೋಡಿದರು.

ಆಮೇಲೆ ಬಂದದ್ದು ಮೈಲೇಜ್. ಈ ಪ್ರಶ್ನೆಯನ್ನು ನಾನು ಆದಷ್ಟು ತಪ್ಪಿಸುತ್ತಿದ್ದೆ. 777ರ ದೊಡ್ಡ ಮಾದರಿಗೆ ಫುಲ್ ಟ್ಯಾಂಕ್ ಅಂದರೆ 1,81,000 ಲೀಟರ್ ಮೇಲೆ ಚಿಲ್ಲರೆ. ಗಂಟೆಗೆ ಏಳೆಂಟು ಟನ್ ಕುಡಿಯುತ್ತದೆ. "ಡೀಸೆಲ್ಲಿಗೆ ಯಾಕ ಕೆಜಿ ಲೆಕ್ಕ?" ಅಂದರು. ಬಿಸಿಲಿಗೆ ಎಣ್ಣೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಗಲ್ಫಿನ ಮಧ್ಯಾಹ್ನದ ಲೀಟರೇ ಬೇರೆ, ಕೆನಡಾದ ಲೀಟರೇ ಬೇರೆ. ಇಂಜಿನ್ನಿಗೆ ಬೇಕಾದದ್ದು ತೂಕ ಅಂತ ಹೇಳಿ ಮಾತು ಮರೆಸಲು ನೋಡಿದೆ. ಮಾವ ಬಿಡುವ ಪೈಕಿ ಅಲ್ಲ. ಬೀಡಿ ಕಟ್ಟಿನ ಹಿಂದೆ ಲೆಕ್ಕ ಹಾಕಿಯೇ ಬಿಟ್ಟರು. ಲೀಟರಿಗೆ ಸುಮಾರು ನೂರು ಮೀಟರ್.

ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

"ಓನರ್ ಇನ್ನೂ ಅದಾನೇನು?" ಅಂದರು ಮಾವ.

ನಾನು ಕಂಪನಿಯ ಮಾನ ಉಳಿಸಲು ಹೋದೆ. ಒಳಗೆ ಮುನ್ನೂರೈವತ್ತು ಜನ ಇರ್ತಾರೆ ಮಾವ, ತಲೆಗೆ ಲೆಕ್ಕ ಹಾಕಿದರೆ ಒಬ್ಬೊಬ್ಬರಿಗೆ ಲೀಟರಿಗೆ 35 ಕಿಲೋಮೀಟರ್ ಬಿತ್ತು, ಬೈಕಿಗೇನೂ ಕಮ್ಮಿ ಇಲ್ಲ ಅಂದೆ.

"ಹಂಗಂದ್ರ ನಾನೂ ಒಂದೊಂದು ಅಕ್ಕಿ ಕಾಳಿನ ಲೆಕ್ಕ ಹಾಕ್ಲೇನು?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ರಜೆಯ ದೊಡ್ಡ ತಾಪತ್ರಯ ನಿದ್ದೆ. ಕ್ಯಾಲಿಫೋರ್ನಿಯಾಕ್ಕೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ತಾಸಿನ ಅಂತರ. ಅಂದರೆ ಹಗಲು ಪೂರ್ತಿ ರಾತ್ರಿ, ರಾತ್ರಿ ಪೂರ್ತಿ ಹಗಲು. ದೇಹ ದಿನಕ್ಕೆ ಒಂದು ತಾಸಿನಷ್ಟು ಹೊಂದಿಕೊಂಡರೆ ಪುಣ್ಯ. ಅದು ಹೊಂದಿಕೊಳ್ಳುವಷ್ಟರಲ್ಲಿ ರಜೆ ಮುಗಿದು ಸ್ಲೀಪರ್ ಬಸ್ಸು ಹತ್ತಿರುತ್ತೇನೆ. ವಿಮಾನದಲ್ಲಾದರೆ ದೂರದ ಹಾರಾಟಕ್ಕೆ ನಾಲ್ಕು ಪೈಲಟ್‌ಗಳಿರುತ್ತೇವೆ. ಮೇಲೆ ಕಿಟಕಿ ಇಲ್ಲದ ಗೂಡಿನಂಥ ಕೋಣೆಯಲ್ಲಿ ಪಾಳಿ ಪ್ರಕಾರ ಮಲಗುತ್ತೇವೆ. ಇಬ್ಬರೇ ಇರುವ ಹಾರಾಟದಲ್ಲಿ ಕಂಟ್ರೋಲ್ಡ್ ರೆಸ್ಟ್ ಅಂತ ಇನ್ನೊಂದಿದೆ. ಒಬ್ಬ ಸೀಟಲ್ಲೇ ಸ್ವಲ್ಪ ಹೊತ್ತು ಕಣ್ಣು ಮುಚ್ಚಬಹುದು, ಇನ್ನೊಬ್ಬ ಪೂರ್ತಿ ಎಚ್ಚರ ಇರಬೇಕು, ಕ್ಯಾಬಿನ್ ಸಿಬ್ಬಂದಿಗೆ ಮೊದಲೇ ತಿಳಿಸಿರಬೇಕು. ಎಲ್ಲದಕ್ಕೂ ಒಂದು ಪದ್ಧತಿ. ಗಂಗಾವತಿಯ ಮನೆಯಲ್ಲಿ ರಾತ್ರಿ ಎರಡೂವರೆಗೆ ಕಣ್ಣು ಬಿಟ್ಟುಕೊಂಡು ಫ್ಯಾನ್ ನೋಡುವವನಿಗೆ ಯಾವ ಪದ್ಧತಿ?

ಸುಮ್ನೆ ಎದ್ದು ರಸ್ತೆಗೆ ಇಳಿದೆ. ಸುಗ್ಗಿ ಕಾಲ. ರಸ್ತೆಯ ಅರ್ಧಕ್ಕೆ ಭತ್ತ ಒಣಗಲು ಹರವಿದ್ದರು, ಇನ್ನರ್ಧಕ್ಕೆ ನಾಯಿಗಳು ಹರಡಿದ್ದವು. ರೈಸ್ ಮಿಲ್ಲಿನ ಗೇಟಿನ ಮುಂದೆ, ತಾಡಪಾಲು ಮುಚ್ಚಿದ ರಾಶಿಯ ಪಕ್ಕ ಕೂತಿದ್ದ ವಾಚ್‌ಮನ್ ಬ್ಯಾಟರಿ ಬಿಟ್ಟ.

"ಯಾರವಾ?"

"ಇಲ್ಲೇ ಪಕ್ಕದ ಓಣಿ. ನಿದ್ದೆ ಬರ್ತಾ ಇಲ್ಲ."

"ಏನ್ ಕೆಲ್ಸ?"

"ಪೈಲಟ್."

"ಹೂಂ. ನಾನು ಡಿಸಿ" ಅಂದ. ಆದರೂ ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿದೆವು. ಆಮೇಲೆ ಅವನು ನನ್ನನ್ನು ಮೇಲಿಂದ ಕೆಳಗಿನವರೆಗೆ ಅಳೆದು ನೋಡಿ ಕೇಳಿದ: "ಖರೇನ ನಿದ್ದಿ ಬರಂಗಿಲ್ಲೇನು?"

"ಇಲ್ಲ."

"ಹಂಗಾದ್ರ ಹಿಡೀರಿ." ಹಸಿರು ನೈಲಾನ್ ದಾರಕ್ಕೆ ಕಟ್ಟಿದ ಸೀಟಿಯನ್ನು ಅಂಗಿಗೆ ಒರೆಸಿ ನನ್ನ ಕೊರಳಿಗೆ ಹಾಕಿದ. ಕೋಲು ಕೈಗಿತ್ತ. "ತಾಸಿಗೊಮ್ಮೆ ಊದ್ರಿ. ದನ ಬಂದ್ರ ಹೊಡೀರಿ. ಮಂದಿ ಬಂದ್ರ ನನ್ನ ಎಬ್ಬಿಸ್ರಿ." ಇಷ್ಟು ಚೊಕ್ಕದಾದ ಬ್ರೀಫಿಂಗ್ ನನಗೆ ಯಾವ ಕ್ಯಾಪ್ಟನ್ನೂ ಕೊಟ್ಟಿಲ್ಲ. ಚೀಲದ ಮೇಲೆ ಅಡ್ಡಾದವನು ಎರಡೇ ನಿಮಿಷಕ್ಕೆ ಗೊರಕೆ.

ನಾನು ಊದಿದೆ. ಒಂದು ಎಮ್ಮೆ ಬಂತು, ಹೊಡೆದೆ. ಬೆಳಕು ಹರಿಯುವ ಹೊತ್ತಿಗೆ ವಾಕಿಂಗ್ ಹೊರಟ ನಮ್ಮ ಓಣಿಯ ನಿವೃತ್ತ ಮೇಷ್ಟ್ರು ಗೇಟಿನ ಎದುರು ನಿಂತರು. ನನ್ನನ್ನು ನೋಡಿದರು, ಸೀಟಿ ನೋಡಿದರು, ಕೋಲು ನೋಡಿದರು. ನಾನು ಬಾಯಿ ತೆಗೆಯುವುದರೊಳಗೆ "ಯಾವ ಕೆಲಸಾನೂ ಸಣ್ಣದಲ್ಲ ತಮ್ಮಾ" ಅಂತ ಬೆನ್ನು ತಟ್ಟಿ ಹೋದರು.

ಹತ್ತು ಗಂಟೆಗೆ ನಾನು ಎದ್ದಾಗ ಮನೆ ತುಂಬ ಜನ. ಒಬ್ಬ ಅತ್ತೆ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹೊರದೇಶದ ಕಂಪನಿಯೇ ಹಂಗ, ಯಾವಾಗ ಬೇಕಾದ್ರೂ ತೆಗೀತಾರ ಅಂತ ಯಾರೋ ಹೇಳುತ್ತಿದ್ದರು. ಅಪ್ಪ ಆಪ್ ತೆರೆದು, ಹಳದಿ ವಿಮಾನಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು. ನಾನು ವಿವರಿಸಿದಷ್ಟೂ ಎಲ್ಲರೂ "ಹೌದೌದು" ಅಂದು ಇನ್ನಷ್ಟು ಮರುಕದಿಂದ ನೋಡಿದರು. ಅಮ್ಮ ಮಿರ್ಚಿ, ಒಗ್ಗರಣೆ ಮಂಡಕ್ಕಿ ತಂದಿಟ್ಟಳು, ಬೇಡ ಅಂದರೂ ಬಿಡಲಿಲ್ಲ.

ಎಲ್ಲರೂ ಹೋದ ಮೇಲೆ ಮಾವ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ನನ್ನ ಲಾರಿಗೆ ಒಬ್ಬ ಡ್ರೈವರ್ ಬೇಕಾಗ್ಯಾನ. ಪಗಾರ ಅಲ್ಲಿಯಷ್ಟು ಕೊಡಾಕ ಆಗಂಗಿಲ್ಲ, ಖರೇ ಹೇಳ್ತೀನಿ. ಭತ್ಯೆ ಬ್ಯಾರೆ ಐತಿ. ಚಕ್ರ ಅಷ್ಟೇ, ಹದಿನಾಲ್ಕು." ಆಚೆ ಈಚೆ ನೋಡಿ ದನಿ ತಗ್ಗಿಸಿದರು. "ನಮ್ದ್ರಾಗ ಸ್ಟೆಪ್ನಿನೂ ಐತಿ."