ಗೆರೆ ಬಿದ್ದಿಲ್ಲ ಅಂದರೆ ತಪ್ಪಿಲ್ಲ ಅಂತಲ್ಲ

ಈಗಷ್ಟೇ ಒಬ್ಬ ಹುಡುಗಿ ತನ್ನ ಇಂಗ್ಲಿಷ್ ಕಥೆಯನ್ನು ನನಗೆ ಕಳಿಸಿದಳು. ಜೊತೆಗೆ, ಅದನ್ನು ವಾಪಸ್ ಮಾಡಿದ ಪತ್ರಿಕೆಯವರ ಟಿಪ್ಪಣಿಯೂ ಇತ್ತು. ಟಿಪ್ಪಣಿ ಅಂದರೆ ಗ್ರಾಮರ್ ಚೆಕ್ ಮಾಡುವ ಸಾಫ್ಟ್‌ವೇರ್ ಕೊಟ್ಟ ವರದಿ, ಅಷ್ಟೇ. ನೂರಕ್ಕೆ ಇಷ್ಟು ಅಂಕ, ಇಷ್ಟು ಕಡೆ ತಪ್ಪು, ತಿದ್ದಿ ಕಳಿಸಿ. ಕಥೆ ಹೇಗಿದೆ ಅಂತ ಒಂದು ಮಾತಿಲ್ಲ. ಯಾರಾದರೂ ಓದಿದ್ದಾರೆ ಅನ್ನುವ ಗುರುತೂ ಇಲ್ಲ. ಸಿಟ್ಟು ನೆತ್ತಿಗೇರಿತು. ಬೇರೆಯವರ ಬರಹ ತಿದ್ದುವುದೇ ಕಸುಬಾಗಿರುವ ನಾನು ಇದನ್ನು ನೋಡಿ ಸುಮ್ನೆ ಇರುವವಳಲ್ಲ ಅಂತ ನಿಮಗೆ ಗೊತ್ತು.

ಅಪ್ಪ ಮನೆ ಬಿಟ್ಟು ಹೋದ ಬೆಳಗನ್ನು ಅವಳು ಮೂರು ತುಂಡು ವಾಕ್ಯಗಳಲ್ಲಿ ಹೇಳಿದ್ದಳು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ಗೂಟದಲ್ಲಿ ಒಂದೇ ಕೊಡೆ. ಅರ್ಧ ತೆರೆದ ಬಾಗಿಲು. ಮೇಜಿನ ಮೇಲೆ ಕನ್ನಡಕ. ಕ್ರಿಯಾಪದವೇ ಇಲ್ಲ. ಇರಬಾರದು ಕೂಡ. ಆ ಮನೆಯಲ್ಲಿ ಅವತ್ತು ಏನೂ ಅಲುಗಾಡಲಿಲ್ಲ ಅನ್ನುವುದು ಹಾಗೆ ಬರೆದದ್ದರಿಂದಲೇ ಗೊತ್ತಾಗುತ್ತದೆ. ಸಾಫ್ಟ್‌ವೇರ್ ಮೂರಕ್ಕೂ ಗೆರೆ ಎಳೆದು ‘ಅಪೂರ್ಣ ವಾಕ್ಯ’ ಅಂದಿದೆ. ಪಾಪ, ಅವಳು ಹೆದರಿ ತಿದ್ದಿಬಿಟ್ಟಿದ್ದಾಳೆ: ‘ಗೂಟದಲ್ಲಿ ಒಂದೇ ಕೊಡೆ ಇತ್ತು, ಬಾಗಿಲು ಅರ್ಧ ತೆರೆದಿತ್ತು ಮತ್ತು ಮೇಜಿನ ಮೇಲೆ ಕನ್ನಡಕವಿತ್ತು.’ ವ್ಯಾಕರಣ ಸರಿಯಾಯಿತು. ಆದರೆ ಓದಿದರೆ ಪೊಲೀಸರ ಮಹಜರು ಓದಿದ ಹಾಗಿದೆ.

ಹೀಗಾಗುವುದಕ್ಕೆ ಕಾರಣ ಇದೆ. ಈ ಸಾಫ್ಟ್‌ವೇರ್‌ಗಳು ಒಂದೋ ಯಾರೋ ಬರೆದಿಟ್ಟ ನಿಯಮಗಳನ್ನು ಹಿಡಿದು ನಡೆಯುತ್ತವೆ, ಇಲ್ಲವೇ ರಾಶಿ ರಾಶಿ ಬರಹ ಓದಿ, ಜನ ಸಾಮಾನ್ಯವಾಗಿ ಹೇಗೆ ಬರೆಯುತ್ತಾರೆ ಅಂತ ಕಲಿತಿರುತ್ತವೆ. ಎಲ್ಲರೂ ಬರೆಯುವ ಹಾಗೆ ಇಲ್ಲದ್ದು ಕಂಡರೆ ಅವಕ್ಕೆ ಅನುಮಾನ. ಒಳ್ಳೆಯ ಲೇಖಕರು ಬೇಕಂತಲೇ ಹಾಗೆ ಬರೆಯುತ್ತಾರೆ ಅಲ್ವಾ?

ಇದಕ್ಕಿಂತ ಜಾಸ್ತಿ ತೊಂದರೆ ಇನ್ನೊಂದು ಕಡೆ ಇದೆ. ಸರಿ ಇದ್ದದ್ದಕ್ಕೂ ಗೆರೆ ಎಳೆಯುತ್ತಾ ಹೋದರೆ ಜನ ಬೇಸತ್ತು ಸಾಫ್ಟ್‌ವೇರನ್ನೇ ಆಫ್ ಮಾಡುತ್ತಾರೆ. ಅದಕ್ಕೇ ತಯಾರಿಸುವವರು, ಅನುಮಾನ ಇದ್ದ ಕಡೆ ಬಾಯಿ ಮುಚ್ಚಿಕೊಂಡಿರುವ ಹಾಗೆ ಅದನ್ನು ಹದ ಮಾಡುತ್ತಾರೆ. ಹಾಗಾಗಿ ಗೆರೆ ಬೀಳಲಿಲ್ಲ ಅಂದರೆ ತಪ್ಪಿಲ್ಲ ಅಂತಲ್ಲ. ಅದಕ್ಕೆ ಗೊತ್ತಾಗಲಿಲ್ಲ ಅಂತ ಮಾತ್ರ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಸಂದೀಪ್ ಕೃಷ್ಣಮೂರ್ತಿ 2005ರಲ್ಲೇ ಇದನ್ನು ಎತ್ತಿ ತೋರಿಸಿದ್ದರು. ತಪ್ಪುಗಳನ್ನೇ ತುಂಬಿಸಿದ ವಾಕ್ಯಗಳನ್ನು ಮೈಕ್ರೋಸಾಫ್ಟ್ ವರ್ಡ್‌ಗೆ ಕೊಟ್ಟರೆ ಎಷ್ಟೋ ಕಡೆ ಅದು ಚಕಾರ ಎತ್ತಿರಲಿಲ್ಲ. ಆಮೇಲೆ ಸಾಫ್ಟ್‌ವೇರ್‌ಗಳು ಎಷ್ಟೋ ಸುಧಾರಿಸಿವೆ, ಒಪ್ಪುತ್ತೇನೆ. ಆದರೆ ಅದರ ಮೌನವನ್ನೇ ಸರ್ಟಿಫಿಕೇಟ್ ಅಂದುಕೊಳ್ಳುವ ನಮ್ಮ ಅಭ್ಯಾಸ ಹಾಗೇ ಇದೆ.

ಇನ್ನು ಈ ಅಂಕದ ವಿಷಯ. ಬರಹ ಎಷ್ಟು ಸುಲಭವಾಗಿ ಓದಿಸಿಕೊಳ್ಳುತ್ತದೆ ಅಂತ ಅಂಕ ಕೊಡಲು ರುಡಾಲ್ಫ್ ಫ್ಲೆಶ್ 1948ರಲ್ಲಿ ಒಂದು ಸೂತ್ರ ಕೊಟ್ಟರು. ಈಗಲೂ ಹಲವು ಸಾಫ್ಟ್‌ವೇರ್‌ಗಳಲ್ಲಿ ಅದು ಇದೆ. ಅದು ಲೆಕ್ಕ ಹಾಕುವುದು ಎರಡನ್ನೇ: ವಾಕ್ಯಕ್ಕೆ ಸರಾಸರಿ ಎಷ್ಟು ಪದ, ಪದಕ್ಕೆ ಸರಾಸರಿ ಎಷ್ಟು ಉಚ್ಚಾರದ ತುಣುಕು. ಒಂದು ವಾಕ್ಯದ ಪದಗಳನ್ನೆಲ್ಲ ಹಿಂದುಮುಂದು ಮಾಡಿ, ಅರ್ಥವೇ ಇಲ್ಲದ ಹಾಗೆ ಜೋಡಿಸಿ ಕೊಡಿ. ಅಂಕ ಒಂದು ಚೂರೂ ಬದಲಾಗುವುದಿಲ್ಲ! ಇಂಥ ಅಂಕ ನೋಡಿ ಕಥೆ ವಾಪಸ್ ಮಾಡುವುದು ಅನ್ಯಾಯ.

ಕನ್ನಡದಲ್ಲಿ ನಮ್ಮ ಪಾಡು ಇನ್ನೂ ಕಷ್ಟ. ‘ಬೆಲೆ ಕುಸಿದಿದೆ’ ಅಂತ ಬರೆಯಲು ಹೋಗಿ ‘ಬೆಳೆ ಕುಸಿದಿದೆ’ ಅಂತ ಟೈಪ್ ಆಗಿದೆ ಅನ್ನಿ. ಎರಡೂ ಸರಿಯಾದ ಪದ, ಎರಡೂ ಸರಿಯಾದ ವಾಕ್ಯ. ಆದರೆ ಸುದ್ದಿಯೇ ಬೇರೆ. ಇದನ್ನು ಹಿಡಿಯಬೇಕಾದರೆ ನೀವು ಏನು ಹೇಳಲು ಹೊರಟಿದ್ದಿರಿ ಅಂತ ಗೊತ್ತಿರಬೇಕು. ಇನ್ನೊಂದು ಕಡೆ ‘ಮನೆಯಲ್ಲಿದ್ದವರಿಗಾದರೂ’ ಅನ್ನುವಂಥ ಪದಕ್ಕೆ ಕೆಂಪು ಗೆರೆ ಬೀಳುತ್ತದೆ. ನಮ್ಮ ಪದಗಳು ಪ್ರತ್ಯಯ ಸೇರಿಸಿಕೊಂಡು, ಸಂಧಿ ಮಾಡಿಕೊಂಡು ಬೆಳೆಯುತ್ತಲೇ ಹೋಗುತ್ತವೆ. ಬರೀ ಪದಪಟ್ಟಿ ಇಟ್ಟುಕೊಂಡು ಕೂತರೆ ಆ ರೂಪಗಳನ್ನೆಲ್ಲ ಪಟ್ಟಿ ಮಾಡಿ ಮುಗಿಯುವುದಿಲ್ಲ.

ಹಾಗಾದರೆ ಅವು ದಂಡವಾ ಅಂತ ಕೇಳುತ್ತೀರಿ. ಅಲ್ಲ. ಒಂದೇ ಪದ ಎರಡು ಸಲ ಬಂದದ್ದು, ಬಿಟ್ಟುಹೋದ ಅಕ್ಷರ, ಮುಚ್ಚದ ಆವರಣ ಚಿಹ್ನೆ ಇವನ್ನೆಲ್ಲ ಚೆನ್ನಾಗಿ ಹಿಡಿಯುತ್ತವೆ. ಕಲಿತ ಭಾಷೆಯಲ್ಲಿ ಕೆಲಸದ ಪತ್ರ ಬರೆಯುವವರಿಗೆ ದೊಡ್ಡ ಆಸರೆ. ಹೊಸ ಎಐ ಬಂದಿದೆಯಲ್ಲ, ಅದು ಎಲ್ಲ ಸರಿಮಾಡುತ್ತದೆ ಅನ್ನುವವರೂ ಇದ್ದಾರೆ. ಅದು ಹಳೆಯವಕ್ಕಿಂತ ಚುರುಕು ನಿಜ. ಆದರೆ ಎಷ್ಟೋ ಸಲ ಅದು ವಾಕ್ಯವನ್ನೇ ಹೊಸದಾಗಿ ಬರೆದುಕೊಡುತ್ತದೆ. ‘ಇರಬಹುದು’ ಅಂತ ನೀವು ಹಿಂಜರಿದಿದ್ದು ‘ಇದೆ’ ಆಗಿಬಿಟ್ಟಿರಬಹುದು. ನುಣುಪಾಗಿ ಓದಿಸಿಕೊಳ್ಳುವುದರಿಂದ ಬದಲಾದದ್ದು ಕಣ್ಣಿಗೇ ಬೀಳುವುದಿಲ್ಲ. ನನಗೆ ಭಯ ಆಗುವುದು ಅಲ್ಲೇ.

ಆ ಹುಡುಗಿಗೆ ಮೂರು ವಾಕ್ಯಗಳನ್ನೂ ಮೊದಲಿದ್ದ ಹಾಗೇ ಇಡಲು ಹೇಳಿದ್ದೇನೆ. ಎರಡು ಕಡೆ ಕ್ರಿಯಾಪದದ ಕಾಲ ತಪ್ಪಾಗಿತ್ತು, ಗುರುತು ಹಾಕಿ ಕೊಟ್ಟೆ. ಅದಕ್ಕೆ ಸಾಫ್ಟ್‌ವೇರ್ ಗೆರೆ ಎಳೆದಿರಲಿಲ್ಲ.

ನಿಮ್ಮಲ್ಲಿ ಯಾರಾದರೂ ಕನ್ನಡಕ್ಕೆ ಇಂಥ ಸಾಫ್ಟ್‌ವೇರ್ ಕಟ್ಟುತ್ತಿದ್ದರೆ ದಯವಿಟ್ಟು ತಿಳಿಸಿ. ಅದು ಎಲ್ಲಿ ಸುಮ್ಮನೆ ಗೆರೆ ಎಳೆಯುತ್ತದೆ, ಎಲ್ಲಿ ತಪ್ಪನ್ನು ಬಿಟ್ಟುಬಿಡುತ್ತದೆ ಅಂತ ಕೂತು ಓದಿ ಗುರುತು ಮಾಡಿಕೊಡಲು ನಾನು ತಯಾರಿದ್ದೇನೆ.